ವಾಟ್ಸ್‌ಆ್ಯಪ್‌ಗೆ ಬಂದ ಲಗ್ನಪತ್ರಿಕೆ ಬ್ಯಾಂಕ್ ಖಾತೆಗೆ ಕೈಹಾಕುವುದು ಹೇಗೆ?

ಮದುವೆ ಹಂಗಾಮು ಬಂತೆಂದರೆ ಈ ಸುದ್ದಿಯೂ ಬರುತ್ತದೆ. ಪರಿಚಯದವರ ನಂಬರಿನಿಂದ ವಾಟ್ಸ್‌ಆ್ಯಪ್‌ಗೆ ಲಗ್ನಪತ್ರಿಕೆ ಬಂತು, ತೆರೆದು ನೋಡಿದರು, ಬೆಳಗಾಗುವಷ್ಟರಲ್ಲಿ ಖಾತೆ ಬರಿದು. ಹಿಮಾಚಲ ಪ್ರದೇಶದ ಪೊಲೀಸರು 2024ರ ನವೆಂಬರ್‌ನಲ್ಲೇ ಇಂಥ ಫೈಲುಗಳ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಬೇರೆ ರಾಜ್ಯಗಳಿಂದಲೂ ಅದೇ ಮಾತು ಕೇಳಿಬಂದಿದೆ. ಮುಹೂರ್ತಗಳಿಲ್ಲದ ತಿಂಗಳುಗಳಲ್ಲಿ ಫೈಲು ವೇಷ ಬದಲಿಸುತ್ತದೆ: ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ, ಬ್ಯಾಂಕಿನ ಕೆವೈಸಿ.

ಓದಿದವರಿಗೆ ಉಳಿಯುವುದು ಗೊಂದಲ. ಪತ್ರಿಕೆ ತೆರೆದು ನೋಡಿದ್ದಕ್ಕೇ ಹಣ ಹೋಗುತ್ತದೆಯೇ? ಒಟಿಪಿ ಯಾರಿಗೂ ಹೇಳಿಲ್ಲವಲ್ಲ? ಸೋದರಮಾವನ ನಂಬರಿನಿಂದ ಬಂದಿದ್ದನ್ನು ಸೋದರಮಾವನೇ "ನಾನು ಕಳಿಸಿಲ್ಲ" ಎನ್ನುತ್ತಾನಲ್ಲ? ಸುದ್ದಿಯಲ್ಲಿ ಇದನ್ನು ಒಮ್ಮೆ ವೈರಸ್ ಎನ್ನುತ್ತಾರೆ, ಒಮ್ಮೆ ಹ್ಯಾಕಿಂಗ್, ಒಮ್ಮೆ ಲಿಂಕ್. ಇದಕ್ಕೆ ಸರಿಯಾಗಿ ಹೊಂದುವ ಹೆಸರು ಟ್ರೋಜನ್, ಅಂದರೆ ಬೇರೇನೋ ವೇಷ ತೊಟ್ಟು ನಮ್ಮ ಕೈಯಿಂದಲೇ ಬಾಗಿಲು ತೆರೆಸಿಕೊಳ್ಳುವ ಪ್ರೋಗ್ರಾಮು. ಆದರೆ ಹುಳುವಿನ ಹಾಗೆ ಹಬ್ಬುವುದನ್ನು ಕಲಿತುಕೊಂಡ ಟ್ರೋಜನ್. ಅದು ಗೊತ್ತಾಗದೆ ಈಗ ಗೂಗಲ್ ಮತ್ತು ರಿಸರ್ವ್ ಬ್ಯಾಂಕ್ ತರುತ್ತಿರುವ ಹೊಸ ನಿಯಮಗಳ ಒಳಿತು ಕೆಡುಕು ಅರ್ಥವಾಗುವುದು ಕಷ್ಟ.

ಯಾರೂ ಏನೂ ಒತ್ತದೆ ಹಬ್ಬುವ ಹುಳು

ಕಂಪ್ಯೂಟರ್ ಹುಳುವಿಗೆ, ಅಂದರೆ ವರ್ಮ್‌ಗೆ, ಹಬ್ಬಲು ಮನುಷ್ಯನ ಬೆರಳು ಬೇಡ. ಯಂತ್ರದಲ್ಲೊಂದು ದೋಷವಿದ್ದರೆ ಸಾಕು. 2017ರ ಮೇ 12ರ ಶುಕ್ರವಾರ ಶುರುವಾದ ವಾನ್ನಾಕ್ರೈ ಇದರ ಶುದ್ಧ ಮಾದರಿ. ವಿಂಡೋಸ್ ಕಂಪ್ಯೂಟರುಗಳು ಫೈಲು, ಪ್ರಿಂಟರುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಲು ಎಸ್‌ಎಂಬಿ ಎಂಬ ವ್ಯವಸ್ಥೆ ಬಳಸುತ್ತವೆ. ಅದರ ಹಳೆಯ ಆವೃತ್ತಿಯಲ್ಲಿ ದೋಷವಿತ್ತು. ಸೋಂಕು ತಗುಲಿದ ಯಂತ್ರ ಅದೇ ಕಚೇರಿಯ ಇತರ ಯಂತ್ರಗಳನ್ನೂ ಇಂಟರ್ನೆಟ್ಟಿನ ಯಾವುಯಾವುದೋ ವಿಳಾಸಗಳನ್ನೂ 445ನೇ ಪೋರ್ಟಿನಲ್ಲಿ, ಅಂದರೆ ಎಸ್‌ಎಂಬಿ ಬಳಸುವ ದ್ವಾರದಲ್ಲಿ, ತಡಕುತ್ತಿತ್ತು. ದೋಷ ಮುಚ್ಚಿರದ ಯಂತ್ರ ಸಿಕ್ಕರೆ, ಬೇಕೆಂದೇ ವಕ್ರವಾಗಿ ಹೆಣೆದ ಡೇಟಾ ಕಳಿಸಿ ಅದರ ನಿಯಂತ್ರಣ ಹಿಡಿಯುತ್ತಿತ್ತು. ಡಬಲ್‌ಪಲ್ಸರ್ ಎಂಬ ಹಿಂಬಾಗಿಲು ಅಲ್ಲಿ ಕೂರುತ್ತಿತ್ತು, ಆ ದಾರಿಯಿಂದ ಹುಳುವಿನ ಪ್ರತಿ ಒಳಗಿಳಿಯುತ್ತಿತ್ತು. ಮರುಗಳಿಗೆಯಲ್ಲಿ ಆ ಯಂತ್ರವೂ ಬೇರೆಯವರನ್ನು ತಡಕಲು ಶುರು. ಕುರ್ಚಿಯಲ್ಲಿ ಯಾರೂ ಕೂತಿರದಿದ್ದರೂ ಇದೆಲ್ಲ ನಡೆಯುತ್ತಿತ್ತು.

ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಲೆಕ್ಕದಲ್ಲಿ 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಫೈಲುಗಳಿಗೆಲ್ಲ ಬೀಗ; ಬಿಡಿಸಿಕೊಳ್ಳಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದಕ್ಕೆ ಹೋದವು, ಆಂಧ್ರ ಪೊಲೀಸರ ಕೆಲವು ಕಂಪ್ಯೂಟರುಗಳೂ ನಿಂತವು. ಈ ದೋಷವನ್ನು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಮೊದಲೇ ಕಂಡುಕೊಂಡು, ಮೈಕ್ರೋಸಾಫ್ಟ್‌ಗೆ ತಿಳಿಸದೆ ವರ್ಷಗಟ್ಟಲೆ ತನ್ನ ಕೆಲಸಕ್ಕೆ ಬಳಸಿಕೊಂಡಿತ್ತು. ಅದಕ್ಕಾಗಿ ಮಾಡಿಕೊಂಡಿದ್ದ ಸಲಕರಣೆ ಕಳುವಾಗಿ ಏಪ್ರಿಲ್ 14ರಂದು ಬಯಲಿಗೆ ಬಂತು. ಅಷ್ಟರಲ್ಲಿ, ಮಾರ್ಚ್ 14ರಂದೇ, ಮೈಕ್ರೋಸಾಫ್ಟ್ ದೋಷ ಮುಚ್ಚುವ ಪ್ಯಾಚ್ ಬಿಟ್ಟಾಗಿತ್ತು. ಎರಡು ತಿಂಗಳು ಕಳೆದರೂ ಅದನ್ನು ಹಾಕಿಕೊಳ್ಳದ ಯಂತ್ರಗಳೇ ಹುಳುವಿಗೆ ಆಹಾರವಾದದ್ದು. ಕೊನೆಗೆ ಮಾರ್ಕಸ್ ಹಚಿನ್ಸ್ ಎಂಬ ಬ್ರಿಟಿಷ್ ಯುವಕ, ಹುಳುವಿನ ಕೋಡಿನಲ್ಲಿದ್ದ ಅನಾಥ ವೆಬ್ ವಿಳಾಸವೊಂದನ್ನು ತನ್ನ ಹೆಸರಿಗೆ ನೋಂದಾಯಿಸಿದ. ಆ ವಿಳಾಸಕ್ಕೆ ಉತ್ತರ ಬಂದರೆ ಕೆಲಸ ನಿಲ್ಲಿಸಬೇಕೆಂದು ಕೋಡಿನಲ್ಲೇ ಬರೆದಿತ್ತು. ಹುಳು ನಿಂತಿತು.

ಹುಳುವಿನ ಬಲವೂ ದೌರ್ಬಲ್ಯವೂ ಆ ಒಂದು ದೋಷವೇ. ಅದು ಮುಚ್ಚಿದರೆ ಹುಳು ಸತ್ತಂತೆ. ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆ್ಯಪಿನ ಮಾಹಿತಿಯನ್ನು ಇನ್ನೊಂದು ಆ್ಯಪ್ ಮುಟ್ಟದಂತೆ ಪ್ರತಿಯೊಂದನ್ನೂ ಬೇರೆಬೇರೆ ಕೋಣೆಯಲ್ಲಿ ಇಟ್ಟಿರುತ್ತಾರೆ. ಹಾಗಾಗಿ ವಾನ್ನಾಕ್ರೈನಂಥದ್ದನ್ನು ಫೋನಿಗೆ ಬರೆಯುವುದು ದುಬಾರಿ, ಪರಿಣತರ ಕೆಲಸ. ಸಾವಿರ, ಹತ್ತು ಸಾವಿರ ರೂಪಾಯಿ ದೋಚುವವರಿಗೆ ಅದು ಲೆಕ್ಕಕ್ಕೆ ಕೂಡಿಬರುವುದಿಲ್ಲ. ಅವರು ಹುಡುಕುವುದು ಮನುಷ್ಯನ ಒಪ್ಪಿಗೆಯನ್ನು.

ಒಪ್ಪಿಗೆ ಪಡೆದೇ ಒಳಬರುವವರು

ಇದು ಹೊಸದೇನಲ್ಲ. 2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ಇಮೇಲಿಗೆ ಪ್ರೇಮಪತ್ರದ ಹೆಸರಿನ ಫೈಲು ಅಂಟಿಕೊಂಡಿತ್ತು. ವಿಂಡೋಸ್ ಫೈಲಿನ ಹೆಸರಿನ ಕೊನೆಯ ತುಂಡನ್ನು ಬಚ್ಚಿಡುತ್ತಿದ್ದ ಕಾರಣ ಪ್ರೋಗ್ರಾಮು ಬರೀ ಬರಹದಂತೆ ಕಾಣುತ್ತಿತ್ತು. ಒತ್ತಿದ ಕೂಡಲೇ ಔಟ್‌ಲುಕ್ ವಿಳಾಸಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಅದೇ ಪತ್ರ. ಕಳಿಸಿದವರು ಪರಿಚಿತರು, ಹಾಗಾಗಿ ಅವರೂ ಒತ್ತಿದರು.

ಆಮೇಲಿನ ವರ್ಷಗಳಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ದವರಿಗೆ 'ನ್ಯೂ ಫೋಲ್ಡರ್' ಕಾಟ ನೆನಪಿರಬಹುದು: ಕಾಣಲು ಫೋಲ್ಡರ್, ನಿಜದಲ್ಲಿ ಇಎಕ್ಸ್‌ಇ, ಅಂದರೆ ಒತ್ತಿದರೆ ಚಾಲೂ ಆಗುವ ಪ್ರೋಗ್ರಾಮು. 2008ರಲ್ಲಿ ಬಂದ ಕಾನ್‌ಫಿಕರ್ ಇದನ್ನು ಇನ್ನೂ ನಯವಾಗಿ ಮಾಡಿತು. ಅದು ಹುಳುವೂ ಹೌದು, ವಿಂಡೋಸ್ ದೋಷದ ಮೂಲಕವೂ ಹಬ್ಬುತ್ತಿತ್ತು. ಜೊತೆಗೆ, ಸೋಂಕಿದ ಪೆನ್‌ಡ್ರೈವ್ ಚುಚ್ಚಿದಾಗ ಮೂಡುವ ಆಟೋಪ್ಲೇ ಕಿಟಕಿಯಲ್ಲಿ 'ಫೈಲುಗಳನ್ನು ನೋಡಲು ಫೋಲ್ಡರ್ ತೆರೆಯಿರಿ' ಎಂಬ ಸಾಲು ಎರಡು ಸಲ ಕಾಣುತ್ತಿತ್ತು. ಮೇಲಿನದು ಹುಳುವಿನದು, ಕೆಳಗಿನದು ವಿಂಡೋಸ್‌ನದು. ಅದೇ ಚಿತ್ರ, ಅದೇ ಮಾತು. ಯಾರಾದರೂ ಮೇಲಿನದನ್ನೇ ಒತ್ತುತ್ತಾರೆ.

ಈ ಪೆನ್‌ಡ್ರೈವ್ ಕಾಟ ಹೇಗೆ ಇಳಿಯಿತು ಎಂಬುದನ್ನು ಗಮನಿಸಬೇಕು. ಜನರಿಗೆ ಬುದ್ಧಿ ಹೇಳಿದ್ದು ಸಾಲಲಿಲ್ಲ. 2011ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿ ಮತ್ತು ವಿಸ್ಟಾ ಯಂತ್ರಗಳಲ್ಲೂ ಆಟೋರನ್, ಅಂದರೆ ಚುಚ್ಚಿದ ಪೆನ್‌ಡ್ರೈವ್‌ನ ಪ್ರೋಗ್ರಾಮನ್ನು ಆ ಕಿಟಕಿಯಲ್ಲಿ ಮುಂದಿಡುವ ಸೌಲಭ್ಯವನ್ನು, ಬಂದ್ ಮಾಡಿತು. ಆ ದಾರಿಯ ಸೋಂಕು ಇಳಿಮುಖವಾಯಿತು. ಒತ್ತುವ ಬೆರಳನ್ನು ತಿದ್ದುವ ಬದಲು ಬಟನ್ನನ್ನೇ ತೆಗೆದದ್ದು ಫಲ ಕೊಟ್ಟಿತು. ಇವತ್ತಿನ ಜಗಳವೂ ಹೆಚ್ಚುಕಡಿಮೆ ಇದರದ್ದೇ.

ಲಗ್ನಪತ್ರಿಕೆ ಒತ್ತಿದ ಮೇಲೆ

ಮೊದಲು ಒಂದು ಸಮಾಧಾನ: ಫೈಲು ಬಂದಿದ್ದಕ್ಕೆ, ಡೌನ್‌ಲೋಡ್ ಆಗಿದ್ದಕ್ಕೆ ಹಣ ಹೋಗುವುದಿಲ್ಲ. ಈ ಫೈಲಿನ ಹೆಸರಿನ ಕೊನೆಗೆ ಎಪಿಕೆ ಎಂದಿರುತ್ತದೆ. ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್. ಪಿಡಿಎಫ್, ಫೋಟೋ, ವಿಡಿಯೋ ಯಾವುದೂ ಅಲ್ಲ. ಐಫೋನಿನಲ್ಲಿ ಅದು ನಡೆಯುವುದೇ ಇಲ್ಲ. ಒತ್ತಿದಾಗ ಫೋನು ಕೇಳುತ್ತದೆ, ವಾಟ್ಸ್‌ಆ್ಯಪ್ ಮೂಲಕ ಬಂದ ಈ ಅಪರಿಚಿತ ಆ್ಯಪನ್ನು ಹಾಕಿಕೊಳ್ಳಲು ಅನುಮತಿ ಇದೆಯೇ ಎಂದು. ಒಪ್ಪಿದರೆ ಮುಂದೆ ಆ್ಯಪುಗಳನ್ನು ತಪಾಸಣೆ ಮಾಡುವ ಗೂಗಲ್‌ನ ಕಾವಲುಗಾರ ಪ್ಲೇ ಪ್ರೊಟೆಕ್ಟ್ ಅಡ್ಡ ಬರಬಹುದು. ಅದನ್ನೂ ದಾಟಿದರೆ ಆ್ಯಪ್ ಎಸ್‌ಎಂಎಸ್ ಓದಲು, ಕಳಿಸಲು ಅನುಮತಿ ಕೇಳುತ್ತದೆ. ಲಗ್ನಪತ್ರಿಕೆಗೆ ಎಸ್‌ಎಂಎಸ್ ಏಕೆ ಬೇಕು? ಆ ಕ್ಷಣದಲ್ಲಿ ಈ ಪ್ರಶ್ನೆ ಹೊಳೆಯದು. ಟಾರ್ಚ್ ಆ್ಯಪಿನಿಂದ ಸಾಲದ ಆ್ಯಪಿನವರೆಗೆ ಎಲ್ಲವೂ ಏನಾದರೊಂದು ಕೇಳಿ ಕೇಳಿ, 'ಅಲೋ' ಒತ್ತುವುದು ಕೈಗೆ ರೂಢಿಯಾಗಿದೆ.

ಕೆಲವು ಸಲ ಮೊದಲು ಒಳಬರುವುದು ಪೊಳ್ಳು ಆ್ಯಪ್. 'ಪತ್ರಿಕೆ ನೋಡಲು ಅಪ್‌ಡೇಟ್ ಮಾಡಿ' ಎನ್ನುತ್ತದೆ. ಒಪ್ಪಿದರೆ ತನ್ನ ಹೊಟ್ಟೆಯಲ್ಲಿರುವ ಎರಡನೆಯ ಆ್ಯಪನ್ನು ಹೊರತೆಗೆದು ಹಾಕುತ್ತದೆ. ಇಂಥದ್ದಕ್ಕೆ ಡ್ರಾಪರ್ ಎನ್ನುತ್ತಾರೆ. ಇಷ್ಟು ಸುತ್ತು ಬಳಸುವುದಕ್ಕೆ ಕಾರಣವಿದೆ. 2022ರ ಆಂಡ್ರಾಯ್ಡ್ 13ರಲ್ಲಿ, ಹೊರಗಿನಿಂದ ಹಾಕಿಕೊಂಡ ಆ್ಯಪುಗಳಿಗೆ ನೋಟಿಫಿಕೇಶನ್ ಓದುವ ಹಾಗೂ ಆ್ಯಕ್ಸೆಸಿಬಿಲಿಟಿ ಬಳಸುವ ಅಧಿಕಾರ ಸಲೀಸಾಗಿ ಸಿಗದಂತೆ ಗೂಗಲ್ ತಡೆ ಹಾಕಿತು. ಆದರೆ ಆ್ಯಪ್ ಸ್ಟೋರುಗಳು ಆ್ಯಪ್ ಹಾಕುವ ವಿಧಾನಕ್ಕೆ ಆ ತಡೆ ಅನ್ವಯವಾಗುತ್ತಿರಲಿಲ್ಲ. ಡ್ರಾಪರ್ ತಾನೇ ಒಂದು ಸ್ಟೋರಿನಂತೆ ನಟಿಸಿ ಎರಡನೆಯದನ್ನು ಹಾಕುತ್ತದೆ, ತಡೆ ದಾಟುತ್ತದೆ. ಆ್ಯಕ್ಸೆಸಿಬಿಲಿಟಿ ಎಂಬುದು ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲು, ಅವರ ಪರವಾಗಿ ಬಟನ್ ಒತ್ತಲು ಮಾಡಿದ ಸೌಲಭ್ಯ. ವಂಚಕರಿಗೂ ಬೇಕಾದದ್ದು ಪರದೆ ಓದುವ, ಬಟನ್ ಒತ್ತುವ ಆ ಎರಡು ಶಕ್ತಿಗಳೇ.

ಅಲ್ಲಿಂದಾಚೆ ಐಕಾನ್ ಮಾಯವಾಗಬಹುದು, ಹಿಂಬಾಗಿಲು ಮಾತ್ರ ತೆರೆದಿರುತ್ತದೆ. ಫೋನಿಗೆ ಬರುವ ಪ್ರತಿ ಎಸ್‌ಎಂಎಸ್ ಎಲ್ಲೋ ಇರುವ ಟೆಲಿಗ್ರಾಂ ಬಾಟಿಗೋ (ತಂತಾನೇ ನಡೆಯುವ ಖಾತೆ) ಸರ್ವರಿಗೋ ರವಾನೆಯಾಗುತ್ತದೆ. ಮಾಲೀಕರ ಕಣ್ಣಿಗೆ ಬೀಳುವ ಮೊದಲೇ ಅಲ್ಲಿ ಓದಿಯಾಗಿರುತ್ತದೆ.

ಒಟಿಪಿಯೊಂದರಿಂದಲೇ ಹಣ ತೆಗೆಯಲಾಗದು ಎಂಬುದು ನಿಜ. ಉದಾಹರಣೆಗೆ ಹೊಸ ಯುಪಿಐ ಪಿನ್ ಇಡಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅದರ ಅವಧಿ ಮುಗಿಯುವ ತಿಂಗಳು ವರ್ಷ, ಜೊತೆಗೆ ಒಟಿಪಿ ಬೇಕು. ಒಟಿಪಿ ಎಸ್‌ಎಂಎಸ್‌ನಿಂದ ಸಿಕ್ಕಿತು. ಉಳಿದದ್ದನ್ನು ಆ್ಯಪೇ ಒಂದು ಫಾರ್ಮ್ ತೋರಿಸಿ ಕೇಳುತ್ತದೆ: ಚಲನ್ ವೇಷದಲ್ಲಿ ಬಂದರೆ '1 ರೂಪಾಯಿ ಕಟ್ಟಿ ವಾಹನ ಖಚಿತಪಡಿಸಿ', ಕೆವೈಸಿ ವೇಷದಲ್ಲಿ ಬಂದರೆ ನೇರವಾಗಿ ಕಾರ್ಡ್ ನಂಬರು. ಹಾಗಾಗಿ "ಒಟಿಪಿ ಯಾರಿಗೂ ಹೇಳಿಲ್ಲ" ಎಂದು ಠಾಣೆಯಲ್ಲಿ ಹೇಳುವವರು ಸುಳ್ಳು ಹೇಳುತ್ತಿಲ್ಲ. ಹೇಳುವ ಪ್ರಮೇಯವೇ ಬರಲಿಲ್ಲ. ಒಟಿಪಿ ಹಂಚಿಕೊಳ್ಳಬೇಡಿ ಎಂದು ವರ್ಷಗಳಿಂದ ಕಾಲರ್ ಟ್ಯೂನಿನಿಂದ ಹಿಡಿದು ಎಲ್ಲ ಕಡೆ ಸಾರಿದ ಬುದ್ಧಿಮಾತು ಈ ಟ್ರೋಜನ್ ಎದುರು ಪೂರ್ತಿ ನಿರುಪಯೋಗಿ.

ಸೋದರಮಾವನ ನಂಬರು, ಸೋದರಮಾವನದ್ದಲ್ಲದ ಸಂದೇಶ

ಇನ್ನು ಹಬ್ಬುವ ಬಗೆ. ವಂಚಕ ತನ್ನ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದು ಸಂತ್ರಸ್ತರ ನಂಬರು ಹಾಕುತ್ತಾನೆ. ಆರಂಕಿಯ ಕೋಡ್ ಎಸ್‌ಎಂಎಸ್ ಆಗಿ ಸಂತ್ರಸ್ತರ ಫೋನಿಗೆ ಬರುತ್ತದೆ, ಟ್ರೋಜನ್ ಅದನ್ನು ದಾಟಿಸುತ್ತದೆ. ಮೂಲ ಫೋನಿನಲ್ಲಿ ಖಾತೆ ಲಾಗೌಟ್ ಆಗುತ್ತದೆ. ಗ್ರೂಪುಗಳ ಸದಸ್ಯತ್ವ ಇರುವುದು ನಂಬರಿನ ಹೆಸರಿನಲ್ಲಿ. ನಂಬರು ಹೋದ ಕಡೆ ಅವೂ ಹೋಗುತ್ತವೆ. ಮನೆಯವರ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಎಸ್‌ಎಸ್‌ಎಲ್‌ಸಿ ಬ್ಯಾಚಿನ ಗ್ರೂಪು, ಎಲ್ಲದಕ್ಕೂ ಅದೇ ಎಪಿಕೆ ಹೋಗಿ ಬೀಳುತ್ತದೆ. ಸೋದರಮಾವ ಹೇಳಿದ್ದು ದಿಟ: ಅವನು ಕಳಿಸಿಲ್ಲ.

ವಾನ್ನಾಕ್ರೈ ಗುರುತು ಪರಿಚಯವಿಲ್ಲದ ವಿಳಾಸಗಳನ್ನು ತಡಕುತ್ತಿತ್ತು, ಇದು ಪರಿಚಯದ ದಾರಿಯಲ್ಲೇ ನಡೆಯುತ್ತದೆ. ಪ್ರತಿ ಹೆಜ್ಜೆಗೂ ಒಬ್ಬರು ಒತ್ತಲೇಬೇಕು, ಆದ್ದರಿಂದ ನಿಧಾನ. ಆದರೆ 200 ಜನರ ಗ್ರೂಪಿನಲ್ಲಿ ಇಬ್ಬರು ಒತ್ತಿದರೂ ಸರಣಿ ನಿಲ್ಲದು, ಯಾಕೆಂದರೆ ಆ ಇಬ್ಬರ ಬಳಿ ಇನ್ನಷ್ಟು ಗ್ರೂಪುಗಳಿವೆ. ಬ್ರೆಜಿಲ್‌ನಲ್ಲಿ 2025ರಲ್ಲಿ ಕಂಡ ಸೊರ್ವೆಪೊಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ, ಸೋಂಕು ತಾನಾಗಿಯೇ ಜಿಪ್ ಫೈಲನ್ನು ಎಲ್ಲ ಸಂಪರ್ಕಗಳಿಗೂ ಗ್ರೂಪುಗಳಿಗೂ ಕಳಿಸುತ್ತಿತ್ತು. ಕಳಿಸುವ ಕೆಲಸಕ್ಕೆ ಅಲ್ಲಿ ವಂಚಕನ ಕೈಯೂ ಬೇಡವಾಯಿತು.

ಈ ಕೊಂಡಿಯನ್ನು ಕಡಿಯುವ ಸಾಧನ ವಾಟ್ಸ್‌ಆ್ಯಪಿನಲ್ಲೇ ಇದೆ: ಎರಡು ಹಂತದ ಪರಿಶೀಲನೆಯ ಪಿನ್. ಎಸ್‌ಎಂಎಸ್ ಕೋಡ್ ಕದ್ದರೂ ಈ ಪಿನ್ ಗೊತ್ತಿಲ್ಲದೆ ಖಾತೆ ಕೈಗೆ ಸಿಗುವುದಿಲ್ಲ. ಆದರೆ ಅದನ್ನು ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಹಾಕಿಕೊಳ್ಳಬೇಕು. ಕಾನ್‌ಫಿಕರ್ ಕಾಲದ ಆಟೋರನ್ ನೆನಪಿಸಿಕೊಂಡರೆ, ಇಂಥ ಮುಖ್ಯವಾದ ಬೀಗವನ್ನು ಐಚ್ಛಿಕವಾಗಿ ಬಿಟ್ಟಿರುವುದು ವಿಚಿತ್ರವೆನಿಸುತ್ತದೆ.

ಗೂಗಲ್ ಹಾಕಹೊರಟ ಬೀಗ, ಅದಕ್ಕೆ ಬಂದ ತಕರಾರು

2025ರ ಆಗಸ್ಟ್‌ನಲ್ಲಿ ಗೂಗಲ್ ಒಂದು ಘೋಷಣೆ ಮಾಡಿತು. ಇನ್ನು ಮುಂದೆ ಆಂಡ್ರಾಯ್ಡ್ ಆ್ಯಪ್ ಬರೆಯುವವರು, ಅದನ್ನು ಪ್ಲೇ ಸ್ಟೋರಿನ ಹೊರಗೆ ಹಂಚುವುದಾದರೂ, ತಮ್ಮ ಗುರುತನ್ನು ಗೂಗಲ್ ಬಳಿ ದೃಢಪಡಿಸಬೇಕು. ಹಾಗೆ ಮಾಡದವರ ಆ್ಯಪ್ ಸಾಮಾನ್ಯ ಫೋನುಗಳಲ್ಲಿ ಎಂದಿನಂತೆ ಸ್ಥಾಪನೆಯಾಗದು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಮೊದಲು. 2027ರಿಂದ ಉಳಿದ ದೇಶಗಳಿಗೆ. ಪ್ಲೇ ಸ್ಟೋರಿಗಿಂತ ಇಂಟರ್ನೆಟ್ಟಿನಿಂದ ನೇರ ಹಾಕಿಕೊಳ್ಳುವ ಆ್ಯಪುಗಳ ಮೂಲಗಳಲ್ಲಿ 50 ಪಟ್ಟಿಗೂ ಹೆಚ್ಚು ಕೆಟ್ಟ ಆ್ಯಪುಗಳಿವೆ ಎಂಬುದು ಗೂಗಲ್ ಕೊಟ್ಟ ಕಾರಣ.

ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಆ್ಯಪ್ ಭಂಡಾರ ಇದನ್ನು ಬಲವಾಗಿ ವಿರೋಧಿಸಿತು. ಸ್ವಯಂಸೇವಕರು ಬಿಡುವಿನಲ್ಲಿ ಬರೆದ ಆ್ಯಪುಗಳಿಗೂ ಒಂದು ಕಂಪನಿಯ ಮುಂದೆ ಗುರುತಿನ ಚೀಟಿ ಹಿಡಿಯಬೇಕೆಂದರೆ ತನ್ನಂಥ ಭಂಡಾರಗಳು ಉಳಿಯವು ಎಂಬುದು ಅದರ ವಾದ. ನನ್ನ ಫೋನಿನಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಅದರ ಹಿಂದಿದೆ. ಕನ್ನಡಕ್ಕೆ ಕೀಲಿಮಣೆ, ನಿಘಂಟು ಆ್ಯಪುಗಳನ್ನು ಹವ್ಯಾಸಕ್ಕೆ ಮಾಡಿ ಹಂಚುವವರಿಗೂ ಇದು ತಟ್ಟದೆ ಇರದು. ಟೀಕೆಗಳ ನಂತರ, 2025ರ ನವೆಂಬರ್‌ನಲ್ಲಿ ಗೂಗಲ್ ಸ್ವಲ್ಪ ಸಡಿಲಿಸಿತು: ಅಪಾಯ ಅರಿತೂ ಹಾಕಿಕೊಳ್ಳಲು ಬಯಸುವ ಅನುಭವಿಗಳಿಗೆ ಪ್ರತ್ಯೇಕ ದಾರಿ ಇಡುವುದಾಗಿ ಹೇಳಿತು. ವಂಚಕ ಫೋನಿನಲ್ಲಿ ಮಾತಾಡುತ್ತಾ ಅವಸರಪಡಿಸಿದರೂ ಸುಲಭವಾಗಿ ದಾಟಲಾಗದಂತೆ ಆ ದಾರಿ ಇರಬೇಕು ಎಂಬುದು ಅದರ ಮಾತು.

ಇದಕ್ಕಿಂತ ಸಣ್ಣ ಪರಿಹಾರವೂ ಇದೆ, ನನಗೆ ಅದೇ ಹೆಚ್ಚು ಸರಿ ಕಾಣುತ್ತದೆ. ಪ್ಲೇ ಪ್ರೊಟೆಕ್ಟ್‌ನ ಒಂದು ಪ್ರಯೋಗವನ್ನು ಗೂಗಲ್ 2024ರ ಫೆಬ್ರವರಿಯಲ್ಲಿ ಸಿಂಗಪುರಕ್ಕೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತಕ್ಕೂ ಘೋಷಿಸಿತು. ಬ್ರೌಸರ್, ಮೆಸೇಜಿಂಗ್ ಆ್ಯಪ್ ಅಥವಾ ಫೈಲ್ ಮ್ಯಾನೇಜರ್ ಮೂಲಕ ಬಂದ ಆ್ಯಪ್ ಎಸ್‌ಎಂಎಸ್, ನೋಟಿಫಿಕೇಶನ್, ಆ್ಯಕ್ಸೆಸಿಬಿಲಿಟಿಯಂಥ ಸೂಕ್ಷ್ಮ ಅಧಿಕಾರ ಕೇಳುವಂತಿದ್ದರೆ ಅದರ ಸ್ಥಾಪನೆಯನ್ನೇ ತಡೆಯುವುದು. ಬರೆದವರು ಯಾರು ಎಂದು ಇದು ಕೇಳುವುದಿಲ್ಲ, ಆ್ಯಪ್ ಏನು ಬೇಡುತ್ತಿದೆ ಎಂದು ನೋಡುತ್ತದೆ. ನಿಘಂಟು ಆ್ಯಪಿಗೆ ತೊಂದರೆಯಿಲ್ಲ. ಎಸ್‌ಎಂಎಸ್ ಕೇಳುವ ಲಗ್ನಪತ್ರಿಕೆ ಸಿಕ್ಕಿಬೀಳುತ್ತದೆ.

ಹೋದ ಹಣ ಯಾರ ತಲೆಗೆ?

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇಲ್ಲಿ ಮುಖ್ಯ. ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕರಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ ಎಂದಾದಾಗ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೂ ನಷ್ಟವಿಲ್ಲ. ಗ್ರಾಹಕರ ನಿರ್ಲಕ್ಷ್ಯವಾದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟವೆಲ್ಲ ಅವರದ್ದೇ, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಹೊಣೆ ಗ್ರಾಹಕರದ್ದೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲೆ.

ಹಾಗಾದರೆ ಎಪಿಕೆ ಹಾಕಿಕೊಂಡದ್ದು ನಿರ್ಲಕ್ಷ್ಯವೇ? ಸುತ್ತೋಲೆ ಕೊಡುವ ಉದಾಹರಣೆ, ಪಾವತಿಯ ರಹಸ್ಯ ವಿವರಗಳನ್ನು ಹಂಚಿಕೊಂಡದ್ದು. ಕಾರ್ಡಿನ ಅಂಕಿಗಳನ್ನು ಫಾರ್ಮಿನಲ್ಲಿ ತುಂಬಿದವರು ಹಂಚಿಕೊಂಡಂತೆಯೇ ಎಂದು ಬ್ಯಾಂಕ್ ವಾದಿಸಬಹುದು. ಒಟಿಪಿಯನ್ನು ಹಂಚಿಕೊಂಡಿಲ್ಲ, ಅದು ಕಳುವಾಯಿತು ಎಂದು ಗ್ರಾಹಕರು ಹೇಳಬಹುದು. ಎರಡಕ್ಕೂ ಆಧಾರವಿದೆ. ಯಾವ ವಾದ ಗೆದ್ದರೂ, ತಿಳಿಸಿದ ಹೊತ್ತು ಎಷ್ಟು ಎಂಬುದೇ ನಷ್ಟದ ಗಾತ್ರವನ್ನು ನಿರ್ಧರಿಸುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು ಎನ್ನುವುದು ಇದಕ್ಕೇ. ಸೋಂಕಿದ ಫೋನಿನಿಂದಲೇ ಮಾಡಿದರೆ ಬ್ಯಾಂಕ್ ಕಳಿಸುವ ಖಚಿತತೆಯ ಎಸ್‌ಎಂಎಸ್ಸನ್ನೂ ವಂಚಕ ಓದುತ್ತಿರುತ್ತಾನೆ.

ಹೊಸ ಬೆಳವಣಿಗೆ ರಿಸರ್ವ್ ಬ್ಯಾಂಕಿನ 2025ರ ಸೆಪ್ಟೆಂಬರ್‌ನ ನಿರ್ದೇಶನ, ಜಾರಿಯ ದಿನ 2026ರ ಏಪ್ರಿಲ್ 1. ಎಸ್‌ಎಂಎಸ್ ಒಟಿಪಿಯನ್ನು ಅದು ನಿಷೇಧಿಸಿಲ್ಲ, ಬೇರೆ ವಿಧಾನಗಳಿಗೆ ದಾರಿ ಮಾಡಿಕೊಟ್ಟಿದೆ. ಅದರಲ್ಲಿ ಒಂದು ಷರತ್ತಿದೆ: ದೃಢೀಕರಣದ ಒಂದು ಅಂಶ (ಪಿನ್, ಒಟಿಪಿಯಂಥದ್ದು) ಕಳ್ಳರ ಪಾಲಾದರೂ ಇನ್ನೊಂದರ ವಿಶ್ವಾಸಾರ್ಹತೆ ಕೆಡಬಾರದು. ನಿರ್ದೇಶನ ಪಾಲಿಸದೆ ನಡೆದ ವ್ಯವಹಾರದಲ್ಲಿ ಗ್ರಾಹಕರಿಗೆ ನಷ್ಟವಾದರೆ ಪೂರ್ತಿ ತುಂಬಿಕೊಡಬೇಕು. ಈಗ ಲಗ್ನಪತ್ರಿಕೆಯ ಪ್ರಕರಣವನ್ನು ಈ ಷರತ್ತಿನ ಪಕ್ಕ ಇಟ್ಟು ನೋಡಿ. ಪಾವತಿ ಆ್ಯಪ್ ಇರುವುದೂ ಒಟಿಪಿ ಬರುವುದೂ ಒಂದೇ ಫೋನಿಗೆ. ಎರಡು ಬೀಗದ ಕೈಗಳನ್ನು ಒಂದೇ ಗೊಂಚಲಿಗೆ ಪೋಣಿಸಿದ ಹಾಗೆ. ಫೋನು ಕೈತಪ್ಪಿದರೆ ಎರಡೂ ಅಂಶಗಳು ಒಟ್ಟಿಗೇ ಕೈತಪ್ಪುತ್ತವೆ. ಈ ಷರತ್ತನ್ನು ಅಕ್ಷರಶಃ ಓದಿದರೆ ಎಸ್‌ಎಂಎಸ್ ಒಟಿಪಿ ಅದನ್ನು ಪೂರೈಸುತ್ತದೆಯೇ ಎಂಬ ವಾದ ಇವತ್ತಲ್ಲ ನಾಳೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಎದುರಿಗೋ ಗ್ರಾಹಕರ ಆಯೋಗದ ಎದುರಿಗೋ ಬಂದೇ ಬರುತ್ತದೆ.

ಕಳ್ಳರು ಮುಂದೆ ಎತ್ತ ಹೋಗಬಹುದು

ಬ್ಯಾಂಕುಗಳು ಒಟಿಪಿ ಬಿಟ್ಟು ತಮ್ಮ ಆ್ಯಪಿನೊಳಗೇ 'ಹೌದು, ನಾನೇ' ಎಂದು ಒತ್ತಿಸುವ ಕಡೆಗೆ ಹೊರಳಿದರೆ, ಎಸ್‌ಎಂಎಸ್ ಓದುವ ಟ್ರೋಜನ್ ಬೆಲೆ ಕಳೆದುಕೊಳ್ಳುತ್ತದೆ. ಆಗ ಆ್ಯಕ್ಸೆಸಿಬಿಲಿಟಿಯ ಸರದಿ. ಪರದೆ ಓದಿ ಬಟನ್ ಒತ್ತಬಲ್ಲ ಟ್ರೋಜನ್ ಆ 'ಹೌದು'ವನ್ನೂ ಒತ್ತಬಲ್ಲದು, ಆ ಹೊತ್ತಿನಲ್ಲಿ ಪರದೆಯ ಮೇಲೆ 'ಅಪ್‌ಡೇಟ್ ಆಗುತ್ತಿದೆ' ಎಂಬ ಸುಳ್ಳು ಚಿತ್ರ ಹರಡಿ. ಅನೇಕ ಬ್ಯಾಂಕ್ ಆ್ಯಪುಗಳು ಆ್ಯಕ್ಸೆಸಿಬಿಲಿಟಿ ಚಾಲೂ ಇದ್ದರೆ ತೆರೆದುಕೊಳ್ಳಲು ನಿರಾಕರಿಸುವುದು ಈ ಭಯದಿಂದಲೇ. ಅದರ ಏಟು ಬೀಳುವುದು, ಪರದೆ ಓದುವ ತಂತ್ರಾಂಶವಿಲ್ಲದೆ ಫೋನ್ ಬಳಸಲಾಗದ ಅಂಧರ ಮೇಲೆ. ಈ ಚರ್ಚೆಯಲ್ಲಿ ಅವರ ದನಿ ಹೆಚ್ಚಾಗಿ ಕೇಳುವುದಿಲ್ಲ.

ಡೆವಲಪರುಗಳ ಗುರುತು ಪರಿಶೀಲನೆಗೂ ಒಂದು ಪರ್ಯಾಯ ಮಾರುಕಟ್ಟೆ ಹುಟ್ಟಬಹುದು. ಕದ್ದ ಹಣ ದಾಟಿಸಲು ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡುವವರು ನಮ್ಮಲ್ಲಿ ಈಗಾಗಲೇ ಸಿಗುತ್ತಾರೆ. ಕೆವೈಸಿ ಇದ್ದರೂ ಇಂಥ ಬಾಡಿಗೆ ಖಾತೆಗಳು, ಅಂದರೆ ಮ್ಯೂಲ್ ಖಾತೆಗಳು, ನಿಂತಿಲ್ಲ. ಅದೇ ಜನರ ಆಧಾರ್, ಪ್ಯಾನ್ ತೋರಿಸಿ ಡೆವಲಪರ್ ಖಾತೆ ತೆರೆಸುವುದು ದೊಡ್ಡ ಕೆಲಸವೇನಲ್ಲ. ಗೂಗಲ್ ಲೆಕ್ಕಾಚಾರ ಬೇರೆ: ಒಂದು ಗುರುತು ರದ್ದಾದಾಗ ಇನ್ನೊಂದನ್ನು ಹುಡುಕಬೇಕಾಗುವುದರಿಂದ ದಿನಕ್ಕೊಂದು ಹೊಸ ಎಪಿಕೆ ಬಿಡುವ ವೇಗ ಕುಗ್ಗುತ್ತದೆ, ಖರ್ಚು ಏರುತ್ತದೆ. ಯಾವುದು ನಿಜವಾಗುತ್ತದೆ ಎಂಬುದಕ್ಕೆ ಮೊದಲ ಪುರಾವೆ ಆ ನಾಲ್ಕು ದೇಶಗಳಿಂದ ಬರಬೇಕು, ಅದರಲ್ಲೂ ವಾಟ್ಸ್‌ಆ್ಯಪ್ ಬಳಕೆಯಲ್ಲಿ ನಮ್ಮನ್ನೇ ಹೋಲುವ ಬ್ರೆಜಿಲ್ ಮತ್ತು ಇಂಡೋನೇಷ್ಯಾಗಳಿಂದ.